ಅಮಾಸಿಗೆ ಉಳಿದ ಹಳೇ ಪಾಥ್

ಲೋಕಾಪುರದಿಂದ ಬನಹಟ್ಟಿತನಕ ನನ್ನ ಬೈಕಿನ ಸಪ್ಪಳ ಕೇಳಿದರೇ ಕಂಪ್ಯೂಟರುಗಳು ಅರ್ಧ ರಿಪೇರಿಯಾಗುತ್ತವೆ. ಸುಳ್ಳೆನ್ನುವವರು ಜಮಖಂಡಿಗೆ ಬಂದು ಕೇಳಲಿ. ಆ ನಾಗರ ಅಮಾವಾಸ್ಯೆಯ ದಿನ ಹಿಪ್ಪರಗಿಯ ಬಸಗೊಂಡಪ್ಪನವರ ಮನೆಯ ಯಂತ್ರವೊಂದೇ ನನಗೆ ಅಂಜಲಿಲ್ಲ.

ಮೇಲಿನ ಅಣೆಕಟ್ಟುಗಳಿಂದ ಎಷ್ಟು ನೀರು ಬಿಟ್ಟರೆ ಕೃಷ್ಣೆ ಎಲ್ಲಿತನಕ ಏರುತ್ತಾಳೆಂದು ಲೆಕ್ಕ ಹಾಕುವ ತಂತ್ರಾಂಶ ಅದರಲ್ಲಿತ್ತು. ಅದರೊಳಗಿನ ಅಳತೆಗಳು ನದಿಗಡ್ಡ ಬ್ಯಾರೇಜ್ ಕಟ್ಟಿ ನೀರು ಹಿಂದೊತ್ತುವ ಮೊದಲಿನವು. ಅವರ ಅಳಿಯ ಸಂಜಯ ಈಗಿನ ಅಳತೆ ತುಂಬಿ ಹೊಸ ಸಿಡಿ ಕಳಿಸಿದ್ದ. ಅದನ್ನು ಬೇರೆ ಫೋಲ್ಡರಿನಲ್ಲಿ ಕೂರಿಸಿ, ಹಳೆಯದನ್ನು ಅಳಿಸಲು ಹೊರಟೆ.

"ಅಮಾಸಿ ದಿನ ಮನ್ಯಾಗಿಂದು ಏನೂ ಹೊರಗ ಹಾಕಬಾರದೋ ತಮ್ಮಾ" ಎಂದು ಬಸಗೊಂಡಪ್ಪನವರು ತಡೆದರು.

"ಇದು ಫೋಲ್ಡರ್ ರೀ ಯಜಮಾನ್ರ."

"ಮನ್ಯಾಗ ಐತೋ ಇಲ್ಲೋ? ಇರ್ಲಿ."

ತಂತ್ರಾಂಶ ಎಲ್ಲಿದೆಯೆಂದು ಕಂಪ್ಯೂಟರಿಗೆ ತೋರಿಸುವ ಸಾಲಿಗೆ ಪಾಥ್ ಎನ್ನುತ್ತಾರೆ. ಅಲ್ಲಿ ಎರಡು ವಿಳಾಸವಿದ್ದರೆ ಅದು ಮೊದಲನೆಯ ಬಾಗಿಲನ್ನೇ ಬಡಿಯುತ್ತದೆ. ಅಂದು ಬಿಟ್ಟ ನೀರಿನ ಲೆಕ್ಕ ತುಂಬಿದೆ. ಹಳೆಯದು ಮುಂದಿದ್ದಾಗ ಉತ್ತರ ಬಂತು: ನೀರು ನದಿಯಂಚಿನ ಹುಣಸೆ ಮರದಾಚೆಯೇ ನಿಲ್ಲುತ್ತದೆ. ಹೊಸದನ್ನು ಮುಂದೆ ತಂದೆ: ಸಂಜೆಯೊಳಗೆ ದಂಡೆಯ ಹೊಲ ನುಂಗಿ ನೀರು ಈ ಮನೆಗೇ ಬರುತ್ತದೆ.

ಯಜಮಾನರ ಆ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಗಾರ ಜಕ್ಕಪ್ಪನ ಹಿಂಡನ್ನು ಕೂಡಿಸಿದ್ದರು. ಅವನಿಗಿದ್ದ ಆಸ್ತಿ ಅದೊಂದೇ. ಕಟ್ಟೆಯ ಮೇಲೆ ಕೂತಿದ್ದ ಅವನು ಕೇಳಿದ, "ಎಬ್ಬಿಸ್ಲೇನ್ರಿ ಯಪ್ಪಾ?"

"ಗೊಬ್ಬರ ಅರ್ಧಕ್ಕ ಬಿಟ್ಟು? ಅದೂ ಅಮಾಸಿ ದಿನ?" ಬಸಗೊಂಡಪ್ಪನವರು ನನ್ನತ್ತ ತಿರುಗಿದರು. "ಹಳೇದನ್ನ ಮುಂದ ಹಾಕು. ಛಲೋ ಮಾತಾಡೋದು ಮುಂದಿರ್ಲಿ."

"ಅದು ಬ್ಯಾರೇಜ್ ಕಾಣದ ಲೆಕ್ಕ ರೀ."

"ಕೃಷ್ಣಾ ನನ್ನ ಕಂಡಾಳ. ಹಾಕು."

ಹಾಕಿದೆ. ಹೊರಗೆ ಬಂದು ಬೈಕು ಒದೆಯುತ್ತ, ಊರಿಗೇ ಕೇಳುವಂತೆ ಹೇಳಿದೆ, "ಜಕ್ಕಪ್ಪ ಕಾಕಾ, ಹುಲಿ ಮೀಸಿ ಎಳದು ಬಂದ ಗಂಡು ನಾನು. ಇವತ್ತ ನಾನೂ ದಿಬ್ಬ ಹತ್ತಾಂವ ನೋಡ."

ಜಕ್ಕಪ್ಪ ನಗಲಿಲ್ಲ. ಕಂಬಳಿ ಹೆಗಲಿಗೇರಿಸಿ ಹೊಲದತ್ತ ನಡೆದ. ಅಲ್ಲಿ ಕುರಿಗಳೆಲ್ಲ ಎದ್ದು ನಿಂತು ಒಂದೇ ದಿಕ್ಕು ನೋಡುತ್ತಿದ್ದವು. ಒಂದೂ ಅರಚಲಿಲ್ಲ.

ಹೊತ್ತು ಮುಳುಗುವ ಮೊದಲು ಹಿಂಡೂ ನಾನೂ ದಿಬ್ಬದ ಮೇಲಿದ್ದೆವು. ಕೆಳಗೆ ಗಾಳಿಯಿಲ್ಲದೆ ಕಬ್ಬು ಅಲುಗತೊಡಗಿತು. ಬಸಗೊಂಡಪ್ಪನವರ ಹೆಂಡತಿ ಇಂದ್ರವ್ವ ಒಬ್ಬಳೇ ಏದುಸಿರು ಬಿಡುತ್ತ ಮೇಲೆ ಬಂದಳು. "ಎಷ್ಟು ಕರದ್ರೂ ಇವರು ಕುರ್ಚಿ ಬಿಟ್ಟು ಏಳವಲ್ರೋ ಯಪ್ಪಾ."

ಮೊಣಕಾಲುದ್ದದ ನೀರು ತುಳಿದು ಅವರ ಮನೆಗೆ ಓಡಿದೆ. ಹತ್ತು ಆಳುದ್ದ ಇತ್ತೆಂದು ಬೇರೆಡೆ ಹೇಳಿದ್ದೇನೆ. ಕರೆಂಟ್ ಹೋಗಿ ಯುಪಿಎಸ್ ಕಿರುಚುತ್ತಿತ್ತು. ಬಸಗೊಂಡಪ್ಪನವರು ತಿರುಗದೆಯೇ ಪರದೆ ತೋರಿಸಿದರು.

"ನೀರು ಇನ್ನೂ ಮರದಾಚಿ ಐತಿ, ನೋಡ."

ಅಂಗಳದಲ್ಲಿ ಬಿಟ್ಟಿದ್ದ ಅವರ ಚಪ್ಪಲಿಗಳು ಹೊಸ್ತಿಲು ದಾಟಿ, ಅವರ ಕುರ್ಚಿಯ ಕೆಳಗೆ ತೇಲುತ್ತಿದ್ದವು.