ಪಟ್ಟಿ ಗಡ್ಡೆ

ಬಸ್ ಡಿಪೋದ ಹೆಂಗಸರ ವಿಶ್ರಾಂತಿ ಕೋಣೆಯಲ್ಲಿ ಇದ್ದದ್ದು ಒಂದು ಉದ್ದನೆ ಬೆಂಚು, ಅಂಚು ಒಡೆದ ಕನ್ನಡಿ, ಮೊಳೆಗಳಿಗೆ ಸಾಲಾಗಿ ನೇತುಹಾಕಿದ ಕಂಡಕ್ಟರ್ ಬ್ಯಾಗುಗಳು, ಮತ್ತು ದೊಡ್ಡಕ್ಕ. ಇಪ್ಪತ್ತೇಳು ವರ್ಷ ಬಸ್ಸಿನಲ್ಲಿ ನಿಂತೇ ದುಡಿದವಳು. ಯಾರ ಕಾಲು ಊದಿದರೂ, ಯಾರ ಗಂಟಲು ಕಟ್ಟಿದರೂ ಮೊದಲು ದೊಡ್ಡಕ್ಕ, ಆಮೇಲೆ ಬೇಕಿದ್ದರೆ ಡಾಕ್ಟರು. "ಹೊಟ್ಟೆಯಿಂದ ಕೂಗ್ರೇ, ಗಂಟಲಿಂದ ಕೂಗಬೇಡಿ" ಎಂದು ಅವಳು ಹೇಳಿಕೊಟ್ಟ ಮೇಲೆ ಎಷ್ಟೋ ಹುಡುಗಿಯರ ದನಿ ಉಳಿದುಕೊಂಡಿತ್ತು. ಹಾಗಾಗಿ ಅಲ್ಲಿ ಅವಳು ಆಡಿದ್ದೇ ಶಾಸನ.

ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದವಳಿಗೆ ಮೂವತ್ತಾರು. ಹಿಡಿಯಷ್ಟು ಮೈ, ಬಸ್ಸಿಡೀ ಕೇಳುವ ಬಾಯಿ. ಒಂದು ಮಧ್ಯಾಹ್ನ ನಾಲ್ಕೈದು ಜನ ಬುತ್ತಿ ಬಿಚ್ಚಿ ಕೂತಿದ್ದಾಗ ಅವಳು ದೊಡ್ಡಕ್ಕನ ಪಕ್ಕಕ್ಕೆ ಸರಿದಳು.

"ಅಕ್ಕಾ, ಇಲ್ಲಿ ಎಡಗಡೆ ಎದೇಲಿ ಕಡಲೆಕಾಳಿನ ಹಾಗೆ ಏನೋ ಕೈಗೆ ಸಿಗ್ತಾ ಇದೆ. ನೋವೇನಿಲ್ಲ. ನಾಳೆ ಹೇಗೂ ನನ್ನ ವಾರದ ರಜಾ, ಆಸ್ಪತ್ರೇಲಿ ತೋರಿಸಿಬಿಡೋಣ ಅಂತಿದೀನಿ."

ದೊಡ್ಡಕ್ಕ ಸಮವಸ್ತ್ರದ ಮೇಲಿಂದಲೇ ಎರಡು ಬೆರಳಿಟ್ಟು ಒತ್ತಿ ನೋಡಿದಳು.

"ನಿನ್ನ ಬ್ಯಾಗಿನ ಪಟ್ಟಿ ಎಲ್ಲಿಂದ ಎಲ್ಲಿಗೆ ಬರುತ್ತೆ? ಬಲ ಹೆಗಲಿಂದ ನೆಟ್ಟಗೆ ಎಡ ಎದೆ ಮೇಲೆ. ದಿನಕ್ಕೆ ಎಂಟು ಗಂಟೆ ಉಜ್ಜಿದ್ರೆ ಗಡ್ಡೆ ಕಟ್ಟದೆ ಇನ್ನೇನು? ಇದು ಪಟ್ಟಿ ಗಡ್ಡೆ ಕಣೆ. ನನಗೂ ಆಗಿತ್ತು. ಬ್ಯಾಗು ಆಚೆ ಹೆಗಲಿಗೆ ಹಾಕ್ಕೊಂಡೆ, ಮೂರು ತಿಂಗಳಲ್ಲಿ ಕರಗಿ ಹೋಯ್ತು."

"ಹಾಗಾದ್ರೆ ಡ್ರೈವರುಗಳಿಗೆ ಸ್ಟಿಯರಿಂಗ್ ಗಡ್ಡೆ ಬರುತ್ತಾ ಅಕ್ಕಾ?" ಬೆಂಚಿನ ಆ ತುದಿಯಿಂದ ಒಬ್ಬಳು ಕೇಳಿದಳು.

"ಅವರಿಗೆ ಬರೋದು ಹೊಟ್ಟೆ. ಅದನ್ನ ಯಾವ ಹೆಗಲಿಗೆ ಹಾಕಿದ್ರೂ ಕರಗಲ್ಲ."

ಎಲ್ಲರೂ ನಕ್ಕರು. ಗುಬ್ಬಿ ಎಲ್ಲರಿಗಿಂತ ಹೆಚ್ಚು ನಕ್ಕಳು. ಎರಡು ವಾರದಿಂದ ಬಿಗಿದುಕೊಂಡಿದ್ದ ಅವಳ ಮುಖ ಆ ನಗುವಿನಲ್ಲಿ ಸಡಿಲವಾಯಿತು. ಮರುದಿನ ಅವಳು ಆಸ್ಪತ್ರೆಗೆ ಹೋಗಲಿಲ್ಲ. ಮಗಳ ಜೊತೆ ಮಧ್ಯಾಹ್ನದವರೆಗೂ ಮಲಗಿದಳು.

ದೊಡ್ಡಕ್ಕ ಹೇಳಿದ್ದರಲ್ಲಿ ಒಂದು ಸುಳ್ಳಿತ್ತು. ಗಡ್ಡೆ ಬಂದಿದ್ದು ನಿಜ, ಹೆಗಲು ಬದಲಾಯಿಸಿದ್ದೂ ನಿಜ. ಆದರೆ ಅದು ಅಷ್ಟಕ್ಕೇ ಹೋಗಿರಲಿಲ್ಲ. ಹದಿನೈದು ವರ್ಷದ ಹಿಂದೆ, ತಂಗಿಯ ಮನೆಗೆ ಹೋಗುತ್ತೇನೆಂದು ಗಂಡನಿಗೂ ಹೇಳಿ, ಮೂರು ಬಸ್ಸು ಬದಲಿಸಿ, ತನ್ನ ಮುಖ ಕಂಡವರು ಯಾರೂ ಇಲ್ಲದ ಆಸ್ಪತ್ರೆಯೊಂದಕ್ಕೆ ಅವಳು ಹೋಗಿದ್ದಳು. ಅಲ್ಲಿ ಸ್ಕ್ಯಾನ್ ಮಾಡಿ, ಸೂಜಿ ಹಾಕಿ, ಒಂದು ಚಮಚದಷ್ಟು ಹಳದಿ ನೀರು ತೆಗೆದು, "ಬರೀ ನೀರುಗುಳ್ಳೆ, ಧೈರ್ಯವಾಗಿ ಹೋಗಿ" ಎಂದು ಕಳಿಸಿದ್ದರು. ಎದೆ ಬಿಚ್ಚಿ ತೋರಿಸಿ ಬಂದೆ ಎಂದು ಯಾರಿಗೆ ಹೇಳುವುದು? ಡಿಪೋದಲ್ಲಿ ಯಾರೋ ಕೇಳಿದಾಗ ಪಟ್ಟಿಯ ಮಾತು ಬಾಯಿಗೆ ಬಂತು. ಹೇಳಿ ಹೇಳಿ ಅದು ಅವಳಿಗೇ ಮುಕ್ಕಾಲು ಪಾಲು ನಿಜವಾಗಿಬಿಟ್ಟಿತ್ತು.

ಗುಬ್ಬಿ ಬ್ಯಾಗನ್ನು ಎಡ ಹೆಗಲಿಗೆ ಹಾಕಿಕೊಂಡಳು. ಹನ್ನೊಂದು ವರ್ಷದ ಅಭ್ಯಾಸ ಉಲ್ಟಾ ಆದರೆ ಕೈ ಕೇಳುತ್ತದೆಯೇ? ಟಿಕೆಟ್ ಮಿಷನ್ನಿಗೆ ಕೈ ಹಾಕಲು ಹೋಗಿ ಪಕ್ಕದಲ್ಲಿ ನಿಂತವರ ಸೊಂಟಕ್ಕೆ ತಿವಿಯುತ್ತಿದ್ದಳು. "ಏನಮ್ಮಾ, ಹೊಸಬಳಾ?" ಎಂದು ಪ್ರಯಾಣಿಕರು ಕೇಳುತ್ತಿದ್ದರು. "ಹೌದಪ್ಪಾ, ಬೆಳಿಗ್ಗೆ ಹುಟ್ಟಿದೆ, ಒಳಗೆ ನಡಿ" ಎನ್ನುತ್ತಿದ್ದಳು. ಮೂರು ತಿಂಗಳು ಕಳೆಯಿತು. ದೊಡ್ಡಕ್ಕ ಕೇಳಿದಾಗ, "ಕರಗ್ತಾ ಇರೋ ಹಾಗಿದೆ ಅಕ್ಕಾ" ಎಂದಳು. ಇನ್ನೂ ಒಂದು ತಿಂಗಳು ಹೋಯಿತು.

ಒಂದು ಬೆಳಿಗ್ಗೆ ಗುಬ್ಬಿ ಸಮವಸ್ತ್ರ ಬದಲಿಸುತ್ತಾ, ಮೇಲಿನ ಮೊಳೆಯಿಂದ ಅಂಗಿ ತೆಗೆಯಲು ಎಡಗೈ ಎತ್ತಿದಳು. ಹಿಂದೆ ನಿಂತಿದ್ದ ದೊಡ್ಡಕ್ಕನಿಗೆ ಅದು ಕನ್ನಡಿಯಲ್ಲಿ ಕಂಡಿತು. ಒಳಗಿಂದ ಯಾರೋ ದಾರ ಕಟ್ಟಿ ಎಳೆದ ಹಾಗೆ, ಎಡ ಎದೆಯ ಒಂದು ಕಡೆ ಚರ್ಮ ಗುಳಿಬಿದ್ದಿತ್ತು. ಕೈ ಇಳಿಸಿದೊಡನೆ ಗುಳಿ ಮಾಯವಾಯಿತು. ನಾಲ್ಕು ತಿಂಗಳಿಂದ ಆ ಜಾಗಕ್ಕೆ ಪಟ್ಟಿಯೇ ತಗುಲಿಲ್ಲ. ಆವತ್ತು ಮೊದಲ ಟ್ರಿಪ್ಪಿನಲ್ಲಿ ದೊಡ್ಡಕ್ಕ ಎರಡು ಸ್ಟಾಪಿನಲ್ಲಿ ಸೀಟಿ ಊದುವುದನ್ನೇ ಮರೆತಳು.

ಹತ್ತೂವರೆಗೆ ಇಬ್ಬರ ಬಸ್ಸೂ ಕೊನೆಯ ನಿಲ್ದಾಣದಲ್ಲಿ ನಿಂತಿದ್ದವು. ಡ್ರೈವರುಗಳು ಟೀ ಕುಡಿಯಲು ಇಳಿದಿದ್ದರು. ದೊಡ್ಡಕ್ಕ ಗುಬ್ಬಿಯ ಖಾಲಿ ಬಸ್ಸು ಹತ್ತಿ ಅವಳ ಎದುರಿನ ಸೀಟಿನಲ್ಲಿ ಕೂತಳು.

"ಈಗಲೇ ರಜೆ ಬರಿ. ಮಧ್ಯಾಹ್ನ ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ."

ಗುಬ್ಬಿ ಕಿಟಕಿಯ ಕಡೆ ತಿರುಗಿದಳು. "ಬೇಡ ಅಕ್ಕಾ."

"ದೊಡ್ಡದಾಗಿದೆ ಅಲ್ವಾ?"

ಗುಬ್ಬಿ ಬ್ಯಾಗನ್ನು ಎದೆಗೆ ಅಡ್ಡ ಎಳೆದುಕೊಂಡಳು.

"ಕರಗ್ತಾ ಇದೆ ಅಂದೆ ನನಗೆ."

"ನೀವು ಕರಗುತ್ತೆ ಅಂದಿದ್ರಿ. ಅದಕ್ಕೆ ನಾನೂ ಹಾಗೇ ಅಂದೆ." ಗುಬ್ಬಿಯ ದೊಡ್ಡ ದನಿ ಎಲ್ಲಿ ಹೋಯಿತೋ. "ಇನ್ನೂ ಸ್ವಲ್ಪ ದಿನ ನೋಡೋಣ. ನಮ್ಮ ಮನೇಲಿ ಯಾರಿಗೂ ಆ ಕಾಯಿಲೆ ಇಲ್ಲ. ಸೂಜಿ ಚುಚ್ಚಿದ್ರೆ ಮೈಗೆಲ್ಲಾ ಹರಡುತ್ತಂತೆ, ಸುಮ್ನೆ ಇದ್ರೆ ಅದೂ ಸುಮ್ನೆ ಇರುತ್ತಂತೆ. ನೀವು ಹೇಳಿದ್ದೇ ನಿಜ ಆಗಲಿ ಬಿಡಿ ಅಕ್ಕಾ. ನಿಮಗೆ ಕೈ ಮುಗೀತೀನಿ."

ದೊಡ್ಡಕ್ಕನಿಗೆ ಎದುರುತ್ತರ ಹುಡುಕಬೇಕಾದ ಪ್ರಸಂಗ ಹೆಚ್ಚಾಗಿ ಬಂದಿರಲಿಲ್ಲ. ಅಧಿಕಾರದಿಂದ ಗದರಿದರೆ ಹುಡುಗಿ ಬರುವುದಿಲ್ಲ; ಆ ಅಧಿಕಾರವನ್ನೇ ನಂಬಿ ತಾನೇ ಅವಳು ಇಲ್ಲಿ ಕೂತಿರುವುದು.

"ಅದು ನಿಜ ಅಲ್ಲ ಕಣೇ," ಎಂದಳು. "ನನ್ನ ಗಡ್ಡೆ ಹೆಗಲು ಬದಲಾಯಿಸಿ ಹೋಗಿದ್ದಲ್ಲ. ಕದ್ದು ಆಸ್ಪತ್ರೆಗೆ ಹೋಗಿದ್ದೆ. ಸೂಜಿ ಹಾಕಿ ನೀರು ತೆಗೆದ್ರು. ಹದಿನೈದು ವರ್ಷ ಆಯ್ತು, ಎಲ್ಲಿಗೂ ಹರಡಲಿಲ್ಲ, ನಿನ್ನ ಮುಂದೆ ಕೂತಿದೀನಿ. ನಾಚಿಕೆ ಆಗಿ ಪಟ್ಟಿ ಅಂದುಬಿಟ್ಟೆ. ಆಮೇಲೆ ಅದನ್ನೇ ಹೇಳ್ತಾ ಬಂದೆ."

ಹೊರಗೆ ಡ್ರೈವರು ಬಸ್ಸಿನ ತಗಡಿಗೆ ಎರಡು ಸಲ ತಟ್ಟಿದ. ಹೊರಡುವ ಹೊತ್ತು.

"ಎರಡು ಗಂಟೆಗೆ ಡ್ಯೂಟಿ ಮುಗಿಯುತ್ತೆ," ಎಂದಳು ಗುಬ್ಬಿ. ಆ ಮಾತಿನ ಕೊನೆಗೆ ಅಕ್ಕ ಇರಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಎದೆ, ಕಂಕುಳು ಎರಡನ್ನೂ ಕೈಯಿಂದ ಪರೀಕ್ಷಿಸಿದಳು. ಮ್ಯಾಮೊಗ್ರಾಂ ಎನ್ನುವ ಸ್ತನದ ಎಕ್ಸ್‌ರೇ ತೆಗೆಸಿ, ಸ್ಕ್ಯಾನ್ ಮಾಡಿಸಿ, ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ಬ್ಯಾಗಿನ ಪಟ್ಟಿಯ ವಿಷಯ ಕೇಳಿದಾಗ ನಗಲಿಲ್ಲ.

"ಪಟ್ಟಿಯಿಂದ ಬರಲ್ಲ, ಪೆಟ್ಟಿಂದ ಬರಲ್ಲ. ಸೂಜಿಯಿಂದ ಹರಡೋದೂ ಇಲ್ಲ. ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರ ಮನೇಲಿ ಬೇರೆ ಯಾರಿಗೂ ಅದು ಇರಲ್ಲ. ಹತ್ತು ಗಡ್ಡೇಲಿ ಎಂಟು ಏನೂ ಆಗಿರಲ್ಲ ಅನ್ನಿ. ಆದ್ರೆ ಯಾವುದು ಆ ಎಂಟು, ಯಾವುದು ಆ ಎರಡು ಅಂತ ಪರೀಕ್ಷೆ ಮಾಡದೆ ನನಗೂ ಗೊತ್ತಾಗಲ್ಲ. ನೋವಿಲ್ಲ ಅಂತ ಸುಮ್ನಿರೋದೇ ಎಲ್ಲರೂ ಮಾಡೋ ತಪ್ಪು."

ವಾರದ ಮೇಲೆ ಫಲಿತಾಂಶ ಬಂತು. ಗುಬ್ಬಿಯದು ಆ ಎರಡರಲ್ಲಿ ಒಂದು. ಕಂಕುಳಿಗೂ ಸ್ವಲ್ಪ ಹಬ್ಬಿತ್ತು. ಮೊದಲು ಔಷಧಿ ಏರಿಸಿ ಕುಗ್ಗಿಸುವುದು, ಆಮೇಲೆ ಆಪರೇಷನ್ ಎಂದಳು ಡಾಕ್ಟರಮ್ಮ. ಗುಣವಾಗುವ ಹಂತದಲ್ಲೇ ಇದೆ ಎಂದೂ ಹೇಳಿದಳು. ಗುಬ್ಬಿಯ ಗಂಡ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸುತ್ತಾ ನಿಂತಿದ್ದ, ಇನ್ನೊಂದು ಬದಿಯಲ್ಲಿ ಬೇರೇನಾದರೂ ಬರೆದಿರಬಹುದೇನೋ ಎಂಬಂತೆ.

"ನಾಲ್ಕು ತಿಂಗಳ ಹಿಂದೆ ಬಂದಿದ್ರೆ?" ಗುಬ್ಬಿ ಕೇಳಿದಳು.

"ಇದಕ್ಕಿಂತ ಚಿಕ್ಕದಿರ್ತಿತ್ತು. ಅದಕ್ಕಿಂತ ಹೆಚ್ಚು ಹೇಳಿದ್ರೆ ಸುಳ್ಳಾಗುತ್ತೆ."

ಹೊರಗೆ ಆಸ್ಪತ್ರೆಯ ಕಾರಿಡಾರಿನಲ್ಲಿ, ಬಾಗಿಲಿನ ಪಕ್ಕ ದೊಡ್ಡಕ್ಕ ನಿಂತಿದ್ದಳು. ಗಂಡ ಔಷಧಿ ಕೌಂಟರಿಗೆ ಹೋದ ಮೇಲೆ ಗುಬ್ಬಿ ಅವಳ ಹತ್ತಿರ ಬಂದಳು. ಅಳುತ್ತಿರಲಿಲ್ಲ.

"ಬೈಯೇ," ಎಂದಳು ದೊಡ್ಡಕ್ಕ. "ಬಾಯಿಗೆ ಬಂದ ಹಾಗೆ ಬೈ."

"ಬೈದ್ರೆ ನಿಮಗೆ ಹಗುರ ಆಗುತ್ತೆ." ಗುಬ್ಬಿ ಗೋಡೆಗೆ ಒರಗಿದಳು. "ಆವತ್ತು ಎಲ್ಲರ ಮುಂದೆ ಹೇಳಿದ್ರಲ್ಲ, ಪಟ್ಟಿ ಗಡ್ಡೆ ಅಂತ. ಇದನ್ನೂ ಎಲ್ಲರ ಮುಂದೆ ಹೇಳಿ. ನನ್ನದು ಬೇಡ, ನನ್ನದು ಹೇಗೂ ಗೊತ್ತಾಗುತ್ತೆ. ನಿಮ್ಮದು ಹೇಳಿ."

ದೊಡ್ಡಕ್ಕನಿಗೆ ಇನ್ನು ಎರಡು ವರ್ಷ ನೌಕರಿ ಇತ್ತು. ಇಪ್ಪತ್ತೇಳು ವರ್ಷ ಕಟ್ಟಿಕೊಂಡ ಹೆಸರು. ಸೋಮವಾರ ಮಧ್ಯಾಹ್ನ, ಪಾಳಿ ಬದಲಾಗಿ ಕೋಣೆ ತುಂಬುವ ಹೊತ್ತಿಗೆ ಕಾದು, ಅವಳು ಎದ್ದು ನಿಂತಳು. ಹೊಟ್ಟೆಯಿಂದ ಕೂಗುವುದನ್ನು ಕಲಿಸಿದವಳಿಗೆ ಮೊದಲ ಎರಡು ಮಾತು ಹೊರಡಲೇ ಇಲ್ಲ. ಆಮೇಲೆ ಹೊರಟಿತು. ತಂಗಿಯ ಮನೆಯ ನೆಪ, ಮೂರು ಬಸ್ಸು, ಸೂಜಿ, ಹಳದಿ ನೀರು. ಸುಳ್ಳು. ಗುಬ್ಬಿ ರಜೆಯ ದಿನ ಆಸ್ಪತ್ರೆಗೆ ಹೊರಟಿದ್ದವಳು, ತಾನು ತಡೆದದ್ದು.

"ಪ್ರತಿ ತಿಂಗಳೂ ಮುಟ್ಟು ಮುಗಿದ ಮೇಲೆ ಎರಡು ಮೂರು ದಿನ ಬಿಟ್ಟು ಕನ್ನಡಿ ಮುಂದೆ ಕೈ ಎತ್ತಿ ನೋಡ್ಕೊಳ್ಳಿ, ಕಂಕುಳವರೆಗೂ ಮುಟ್ಟಿ ನೋಡ್ಕೊಳ್ಳಿ. ಗಡ್ಡೆ ಇರಲಿ, ಚರ್ಮ ಗುಳಿ ಬಿದ್ದಿರಲಿ, ತೊಟ್ಟು ಒಳಗೆ ಎಳೆದಿರಲಿ, ತೊಟ್ಟಿಂದ ರಕ್ತ ಬರಲಿ, ನನಗೆ ತೋರಿಸಬೇಡಿ. ನಾನು ಕಂಡಕ್ಟರ್. ಡಾಕ್ಟರಿಗೆ ತೋರಿಸಿ. ನನ್ನ ವಯಸ್ಸಿನವರು ಏನೂ ಇಲ್ಲದಿದ್ರೂ ಹೋಗಿ ಮ್ಯಾಮೊಗ್ರಾಂ ಅನ್ನೋ ಎಕ್ಸ್‌ರೇ ತೆಗೆಸಿಕೊಳ್ಳಬೇಕಂತೆ. ನಾನೂ ತೆಗೆಸಿಕೊಳ್ಳೋಳಿದೀನಿ."

ಯಾರೂ ನಗಲಿಲ್ಲ. ಸ್ಟಿಯರಿಂಗ್ ಗಡ್ಡೆ ಅಂದವಳು ತಲೆ ತಗ್ಗಿಸಿ ಬುತ್ತಿಯ ಮುಚ್ಚಳ ಹಾಕುತ್ತಿದ್ದಳು.

ಬುಧವಾರ ಗುಬ್ಬಿಗೆ ಮೊದಲ ಔಷಧಿ. ಸಾಲಾಗಿ ಹಾಕಿದ್ದ ಕುರ್ಚಿಗಳಲ್ಲಿ ಕಿಟಕಿಯ ಪಕ್ಕದ್ದು ಅವಳದು. ಗಂಡ ಮಗಳನ್ನು ಶಾಲೆಯಿಂದ ಕರೆತರಲು ಹೋಗಿದ್ದ. ಕೊಳವೆಯಲ್ಲಿ ಹನಿ ಇಳಿಯುತ್ತಿತ್ತು. ದೊಡ್ಡಕ್ಕ ಬಾಗಿಲಲ್ಲೇ ನಿಂತಳು.

"ಹೇಳಿದ್ರಾ?"

"ಹೇಳ್ದೆ."

"ಪೂರ್ತಿ?"

"ಪೂರ್ತಿ."

"ಏನಂದ್ರು?"

"ಏನೂ ಅನ್ನಲಿಲ್ಲ. ಇಬ್ಬರು ನಾಳೆಗೆ ರಜೆ ಬರೆದಿದಾರೆ, ಇಲ್ಲಿಗೆ ಬರೋಕೆ. ಒಬ್ಬಳಿಗೆ ಒಂದು ವರ್ಷದಿಂದ ಇದೆಯಂತೆ. ನಾನು ಹೇಳಿದ್ದೆ ಅಂತ ಸುಮ್ನಿದ್ದಳಂತೆ."

ಗುಬ್ಬಿ ಕಣ್ಣು ಮುಚ್ಚಿದಳು. ನಿದ್ದೆ ಹೋದಳೆಂದೇ ದೊಡ್ಡಕ್ಕ ಅಂದುಕೊಂಡಳು.

"ನಿಮ್ಮ ಜೊತೆ ಮಾತಾಡೋಕೆ ನನಗೆ ಮನಸ್ಸಿಲ್ಲ," ಎಂದಳು ಗುಬ್ಬಿ, ಕಣ್ಣು ತೆರೆಯದೆಯೇ. "ಇನ್ನೂ ಮೂರು ಗಂಟೆ ಇದೆ. ಕೂತ್ಕೊಳ್ಳಿ."

ದೊಡ್ಡಕ್ಕ ಗೋಡೆಯ ಬದಿಯ ಸ್ಟೂಲನ್ನು ಸದ್ದಾಗದ ಹಾಗೆ ಎತ್ತಿ ತಂದು, ಅವಳ ಬಲಗೈಯ ಪಕ್ಕ ಇಟ್ಟುಕೊಂಡು ಕೂತಳು.