ಬಲಗಡೆಯ ಸೀಟು

ಗಡಿಯಾರ ರಿಪೇರಿಯವರು ನಾಲ್ಕು ವರ್ಷ ಮನೆಯ ಷೆಡ್ಡಿನಲ್ಲಿ ಬೆವರು ಸುರಿಸಿ ಆ ಹಳೆಯ ಅಮೆರಿಕನ್ ಕಾರಿಗೆ ಜೀವ ತುಂಬಿದ್ದರು. ಉಳಿದದ್ದು ಸಾರಿಗೆ ಕಚೇರಿಯ ತಪಾಸಣೆ ಮಾತ್ರ. ಹನ್ನೆರಡರೊಳಗೆ ತಲುಪದಿದ್ದರೆ ಮತ್ತೆ ಆರು ತಿಂಗಳು ಕಾಯಬೇಕು.

ಅರ್ಧ ದಾರಿಯಲ್ಲಿ ನೀರಿನ ಟ್ಯಾಂಕರೊಂದು ಎಮ್ಮೆಯ ಹಾಗೆ ಮುಂದೆ ಸಿಕ್ಕಿತು. ಅಮೆರಿಕದ ಕಾರಾದ್ದರಿಂದ ಸ್ಟಿಯರಿಂಗ್ ಎಡಗಡೆ. ಎದುರಿನಿಂದ ಬರುವ ಗಾಡಿ ಕಾಣುವುದು ಬಲಗಡೆ ಕುಳಿತ ಹೆಂಡತಿಗೆ ಮಾತ್ರ. ಷೆಡ್ಡಿನಲ್ಲಿ ಇದು ಅವರಿಗೆ ಹೊಳೆದೇ ಇರಲಿಲ್ಲ.

“ನೋಡೇ, ರಸ್ತೆ ಖಾಲಿ ಇದೆಯಾ?”

“ನನ್ನ ಹಿಟ್ಟಿನ ಡಬ್ಬಿಗಳಲ್ಲಿ ನಟ್ಟು ಬೋಲ್ಟು ತುಂಬಿದ್ದೀರಲ್ಲ, ಅವು ಯಾವಾಗ ಖಾಲಿ ಆಗ್ತವೆ?”

“ಈಗ ಅದರ ಮಾತೇನೇ! ಹನ್ನೊಂದೂವರೆ ಆಯ್ತು.”

“ನನಗೇನೂ ಅವಸರ ಇಲ್ಲಪ್ಪ. ಕಿಟಕೀಲಿ ಒಳ್ಳೇ ಗಾಳಿ ಬರ್ತಿದೆ.”

ಅವರು ಹಲ್ಲು ಕಚ್ಚಿದರು. “ಇವತ್ತು ಸಂಜೆಯೇ ಖಾಲಿ ಮಾಡ್ತೀನಿ. ಆಯ್ತಾ?”

ಆಕೆ ಕತ್ತು ಚಾಚಿ ನೋಡಿ, “ಈಗ ನುಗ್ಗಿಸಿ” ಎಂದರು.

ಕಾರು ಗುಡುಗುತ್ತ ಟ್ಯಾಂಕರನ್ನು ದಾಟಿತು. ರಿಪೇರಿಯವರು ಉಸ್ಸೆಂದು ಉಸಿರು ಬಿಡುವಷ್ಟರಲ್ಲಿ ಮುಂದೆ ಬಸ್ಸೊಂದು ತೂಕಡಿಸಿಕೊಂಡು ಹೋಗುತ್ತಿತ್ತು.

ಆಕೆ ಸೀಟಿಗೆ ಹಾಯಾಗಿ ಒರಗಿದರು.

“ಸರಿ, ಮಂಚದ ಕೆಳಗಿರೋ ಟೈರುಗಳ ವಿಷಯಕ್ಕೆ ಬರೋಣ.”