ನಾಲ್ಕನೆಯ ಹೆಸರು

‘ತಿಂಡಿ ಆಯ್ತಾ?’

ಟೇ-ರಿಮ್ ಕೇಳಿದ್ದು ತನ್ನನ್ನೇ ಎಂದು ಸೋ-ಉಕ್‌ಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮೇಕಪ್ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

‘ಆಯ್ತು.’

‘ಗಿಂಬಾಪ್ ಇದೆ. ಬೇಕಾದ್ರೆ.’

‘ಯಾರಿಗೆ?’

ಟೇ-ರಿಮ್ ನಕ್ಕು ಫೋನಿನಲ್ಲಿ ಮುಖ ಹುದುಗಿಸಿದ.

ಜಾಣ. ನೀನು ಎನ್ನಲಿಲ್ಲ, ನೀವು ಎನ್ನಲಿಲ್ಲ, ಅಣ್ಣಾ ಎನ್ನಲಿಲ್ಲ. ತಂಡದ ಐವರೂ ಈ ವಿದ್ಯೆಯಲ್ಲಿ ಪಳಗಿದ್ದರು. ವಯಸ್ಸಿನಲ್ಲಿ ಸೋ-ಉಕ್ ಎಲ್ಲರಿಗಿಂತ ದೊಡ್ಡವನು, ಅವರು ಅಣ್ಣಾ ಎನ್ನಬೇಕು. ವೇದಿಕೆಗೆ ಬಂದದ್ದರಲ್ಲಿ ಎಲ್ಲರಿಗಿಂತ ಕಿರಿಯ, ಅವನೇ ತಲೆ ತಗ್ಗಿಸಬೇಕು. ಕೊರಿಯಾದ ಸಿಯೋಲ್‌ನಲ್ಲಿ ಇದು ಇತ್ಯರ್ಥವಾಗದೆ ಯಾರೂ ಬಾಯಿ ಬಿಡುವಂತಿಲ್ಲ. ಒಂದೇ ಮನೆಯಲ್ಲಿ ಇಡೀ ಚಳಿಗಾಲ ಕಳೆದರೂ ತಂಡದಲ್ಲಿ ಅವನನ್ನು ಯಾರೂ ಏನೆಂದೂ ಕರೆದಿರಲಿಲ್ಲ.

ಹಾಡಿ ಕುಣಿಯುವ ಈ ತಂಡದ ಹೆಸರು ಯೊಸೊತ್. ಎಂದರೆ ಆರು. ಆರು ಜನರಲ್ಲೊಬ್ಬನಾದ ಹಾ-ಗ್ಯೊಮ್ ಬಿಟ್ಟುಹೋದಾಗ ಕಂಪನಿಗೆ ಬೋರ್ಡು ಬದಲಿಸುವುದಕ್ಕಿಂತ ಮನುಷ್ಯನನ್ನು ತರುವುದು ಸುಲಭವೆನಿಸಿತು. ತತ್ತ್ವಶಾಸ್ತ್ರದ ಎಂ.ಎ. ಅರ್ಧಕ್ಕೆ ಬಿಟ್ಟು ಕಂಡವರ ಹಾಡಿಗೆ ಹಿನ್ನೆಲೆ ದನಿ ಕೊಡುತ್ತಿದ್ದ ಸೋ-ಉಕ್ ಸಿಕ್ಕ. ಎತ್ತರ ಅದೇ. ಅಭಿಮಾನಿಗಳು ಹೆಸರು ಕೂಗುವ ಲಯಕ್ಕೂ ಅಡ್ಡಿಯಿಲ್ಲ: ಪ್ಯೊ ಹಾ-ಗ್ಯೊಮ್, ಬಾನ್ ಸೋ-ಉಕ್. ಇವತ್ತು ತಂಡದ ‘ಕಂಬ್ಯಾಕ್’, ಎಂದರೆ ಹೊಸ ಹಾಡಿನೊಂದಿಗೆ ಟಿವಿಗಾಗಿ ಅಭಿಮಾನಿಗಳೆದುರು ಮೊದಲ ಪ್ರದರ್ಶನ. ಎಲ್ಲಿಗೂ ಹೋಗದವರು ಮರಳಿ ಬರುವುದೇ ಒಂದು ತಮಾಷೆ. ಇವನಂತೂ ಇಲ್ಲಿ ಇರಲೇ ಇಲ್ಲ, ಆದರೂ ಮರಳಿ ಬರುತ್ತಿದ್ದ.

ಹೊಸ ಹಾಡು ಬಹಳ ದಿಟ್ಟ ಪ್ರಯೋಗವೆಂದು ಪತ್ರಿಕೆಯವರು ಬರೆದಿದ್ದರು. ಹಾಡಿನ ನಟ್ಟನಡುವೆ ವಾದ್ಯಗಳೆಲ್ಲ ನಿಂತುಬಿಡುತ್ತವೆ. ಕುಣಿತವೂ ಇಲ್ಲ. ಆರೂ ಜನ ಕಲ್ಲಾಗಿ ನಿಂತಿರುವಾಗ ಅಭಿಮಾನಿಗಳು ಒಬ್ಬೊಬ್ಬರ ಹೆಸರನ್ನು ಕೂಗುತ್ತಾರೆ. ಹೆಸರುಗಳ ಸಾಲು ಹಿರಿಯನಿಂದ ಕಿರಿಯನಿಗೆ ಇಳಿಯುವುದು ವಾಡಿಕೆ. ಸೋ-ಉಕ್‌ನದು ಮೊದಲು ಬರಬೇಕಿತ್ತು. ಕಂಪನಿ ಅದನ್ನು ನಾಲ್ಕನೆಯ ಜಾಗದಲ್ಲಿ, ಹಾ-ಗ್ಯೊಮ್‌ನ ಖಾಲಿ ಜಾಗದಲ್ಲಿ ಕೂರಿಸಿತ್ತು.

‘ಟೆನ್ಶನ್ನಾ?’ ಮ್ಯಾನೇಜರ್ ಗಿಲ್ ಬಾಗಿಲಲ್ಲಿ ಇಣುಕಿದ.

‘ಇಲ್ಲ ಸಾರ್. ಕೂಗ್ತಾರಾ ಅಂತ ಅಷ್ಟೇ.’

‘ಕೂಗ್ದೆ ಏನ್ ಮಾಡ್ತಾರೆ? ಬೆಳಗಾಗೋ ಮುಂಚೆ ಬಂದು ಕ್ಯೂ ನಿಂತಿದಾರೆ.’

‘ನನ್ನ ಹೆಸ್ರು?’

‘ಕಣ್ಣು ಮಿಟುಕಿಸ್ಬೇಡ. ಅದೊಂದು ನೆನಪಿಟ್ಕೋ.’

ಸೋ-ಉಕ್‌ಗೆ ಭಯವಾಗಿರಲಿಲ್ಲ. ತನಗೇ ನಾಚಿಕೆಯಾಗುವಷ್ಟು ಕುತೂಹಲವಾಗಿತ್ತು. ನಾಲ್ಕನೆಯ ಜಾಗ ಬಂದಾಗ ಅಷ್ಟು ಬಾಯಿಗಳು ಏನು ಮಾಡುತ್ತವೆ? ಸುಮ್ಮನಿರಬಹುದು. ಗೊಣಗಬಹುದು. ಕೂಗಲೂಬಹುದು. ಯಾರಾದರೂ ಒಮ್ಮೆ ಕರೆಯಲಿ ಎಂದು ಅವನಿಗೆ ಆಸೆಯಿತ್ತು. ಆಮೇಲೆ ತಂಡದವರೂ ಕರೆದಾರು.

ವೇದಿಕೆಯ ಮೇಲೆ ಬೆಳಕು ಬಿತ್ತು. ಹಾಡು ಶುರುವಾಯಿತು. ಅವನ ಕಾಲುಗಳು ಕಲಿತದ್ದನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಿದವು.

ವಾದ್ಯ ನಿಂತಿತು.

ಒಂದನೆಯ ಹೆಸರು ಎದೆಗೆ ಬಂದು ಬಡಿಯಿತು. ಎರಡನೆಯದು. ಮೂರನೆಯದು. ಮುಂದಿನ ಸಾಲಿನ ಕನ್ನಡಕದ ಹುಡುಗಿ ಉಸಿರೆಳೆದುಕೊಳ್ಳುವುದು ಅವನಿಗೆ ಕಂಡಿತು.

‘ಪ್ಯೊ ಹಾ-ಗ್ಯೊಮ್!’

ವರ್ಷಗಟ್ಟಲೆ ಕೂಗಿ ಅಭ್ಯಾಸವಾಗಿದ್ದ ನಾಲಿಗೆಗಳು. ಹುಡುಗಿ ಬಾಯಿ ಮುಚ್ಚಿಕೊಂಡಳು. ಐದನೆಯ ಹೆಸರು ಅರ್ಧಂಬರ್ಧ ಬಂತು, ವಯಸ್ಸಿನಲ್ಲಿ ಕೊನೆಯವನಾದ ಟೇ-ರಿಮ್‌ನದಂತೂ ಯಾರಿಗೂ ಕೇಳಿಸಲಿಲ್ಲ. ವಾದ್ಯ ಮತ್ತೆ ಮೊಳಗಿದ ಮೇಲೆಯೇ ಸೋ-ಉಕ್‌ಗೆ ತನ್ನ ಬಲಗೈ ಮೇಲಿರುವುದು ಗೊತ್ತಾದದ್ದು. ಯಾವಾಗ ಎತ್ತಿದನೋ. ಮುಖದ ಮೇಲೆ ನಗುವೂ ಇತ್ತು.

ಹಾಡು ಮುಗಿದಾಗ ಕನ್ನಡಕದ ಹುಡುಗಿ ಅಳುತ್ತಿದ್ದಳು. ಧ್ವನಿವರ್ಧಕದಲ್ಲಿ ಟಿವಿ ಕಾರ್ಯಕ್ರಮದ ನಿರ್ದೇಶಕನ ದನಿ ಬಂತು. ‘ಏ ನಾಲ್ಕನೇ ಹುಡ್ಗಾ! ಕೈ ಎತ್ತು ಅಂತ ಯಾರ್ ಹೇಳ್ಕೊಟ್ಟಿದ್ದು?’

‘ಯಾರೂ ಇಲ್ಲ ಸಾರ್. ತಪ್ಪಾಯ್ತು.’

‘ತಪ್ಪೇನ್ ಬಂತು, ಸಖತ್ತಾಗಿದೆ! ಇದನ್ನೇ ಇಟ್ಕೊಳ್ಳೋಣ. ಕಲ್ಲು ನಿಂತ ಹಾಗೆ ನಿಂತಿದ್ರಪ್ಪಾ ಮಿಕ್ಕೋರು.’

ವೇದಿಕೆಯ ಪಕ್ಕದ ಟಿವಿ ತೆರೆಯಲ್ಲಿ ಚಿತ್ರೀಕರಿಸಿದ್ದನ್ನೇ ಮತ್ತೆ ಓಡಿಸಿದರು. ಶಬ್ದ ಹಾಕಿರಲಿಲ್ಲ.

‘ಹೆಸ್ರು ತಪ್ಪಲ್ವಾ ಸಾರ್?’ ಸೋ-ಉಕ್ ಪಕ್ಕಕ್ಕೆ ಬಂದ ಗಿಲ್‌ನನ್ನು ಕೇಳಿದ.

‘ಅದು ಸರಿಹೋಗತ್ತೆ ಬಿಡು’ ಎಂದ ಗಿಲ್. ‘ಸ್ಟುಡಿಯೋಲಿ ಕೂಗಿ ರೆಕಾರ್ಡ್ ಮಾಡಿಟ್ಟಿರೋದಿದ್ಯಲ್ಲ, ನಿನ್ನ ಹೆಸ್ರು ಅಲ್ಲಿಂದ ಹಾಕ್ತಾರೆ.’

‘ಯಾರು ಕೂಗಿದ್ದು?’

‘ಆಫೀಸಿನೋರು ಒಂದಷ್ಟು ಜನ. ಸಾಲ್ದೆ ಬಂತು ಅಂತ ನಿನ್ನನ್ನೂ ನಿಲ್ಲಿಸಿದ್ವಲ್ಲೋ ಅವತ್ತು. ಮರ್ತ್ಯಾ?’

ಮರೆತಿರಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದವನು ಅವನೇ.

‘ಅಣ್ಣಾ’ ಎಂದು ಹಿಂದಿನಿಂದ ಟೇ-ರಿಮ್‌ನ ದನಿ ಕೇಳಿತು. ‘ಅಣ್ಣಾ, ಬನ್ನಿ, ವ್ಯಾನ್ ಬಂದಿದೆ.’

ಆ ಕಡೆ ನಿಂತಿದ್ದ, ಟೇ-ರಿಮ್‌ಗೆ ಅಣ್ಣಂದಿರೇ ಆದ ನಾಲ್ವರೂ ತಿರುಗಿದರು. ಸೋ-ಉಕ್ ತಿರುಗಲಿಲ್ಲ. ಅವನು ತೆರೆಯನ್ನೇ ನೋಡುತ್ತಿದ್ದ. ಯಾರೋ ಚಿತ್ರವನ್ನು ಅಲ್ಲೇ ನಿಲ್ಲಿಸಿ ಊಟಕ್ಕೆ ಎದ್ದುಹೋಗಿದ್ದರು. ಅದರಲ್ಲಿ ಅವನ ಕೈ ಇನ್ನೂ ಮೇಲೇ ಇತ್ತು, ತರಗತಿಯಲ್ಲಿ ಬೇರೆಯವನ ಹಾಜರಿ ಹೇಳಿದ ಹುಡುಗನ ಕೈಯಂತೆ.